ಕಾರಣ: ಸಹಜ ಮುಕ್ತಾಯ

ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಫೋನಿನಲ್ಲಿ ಮಾತು ಮುಗಿಸುವ ಮೊದಲು ಯಾವ ಮುನ್ಸೂಚನೆಯನ್ನೂ ಕೊಡುವುದಿಲ್ಲ. ಹೇಳಬೇಕಾದದ್ದು ಮುಗಿದ ಕೂಡಲೇ ಇಟ್ಟುಬಿಡುತ್ತಾಳೆ. ಈ ಕಡೆಯವರು ‘ಮತ್ತ...’ ಎಂದು ಬಾಯಿ ತೆರೆದಿರುತ್ತಾರೆ, ಅಷ್ಟರಲ್ಲಿ ಆ ಕಡೆ ಯಾರೂ ಇರುವುದಿಲ್ಲ. ಜಲನಗರದ ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತು. ಅವ್ವ ಅವಳೊಡನೆ ಮಾತಾಡುವಾಗ ಮುಖ್ಯವಾದ ವಿಷಯವನ್ನು ಮೊದಲೇ ಹೇಳಿಬಿಡುತ್ತಾಳೆ, ಆರೋಗ್ಯ ವಿಚಾರಿಸುವುದನ್ನು ಕೊನೆಗೆ ಇಟ್ಟುಕೊಳ್ಳುತ್ತಾಳೆ. ಹಾಗಾಗಿ ಚಿಗವ್ವನ ಆರೋಗ್ಯದ ಬಗ್ಗೆ ನಮಗೆ ಹೆಚ್ಚು ತಿಳಿದಿಲ್ಲ.

ಹೊನವಾಡದವರ ಫೋನನ್ನು ಅವಳು ಮಾತಿನ ಮಧ್ಯದಲ್ಲೇ ಕಟ್ ಮಾಡುತ್ತಾಳೆ ಎಂಬ ದೂರು ಬಂದಾಗ, ಆದ್ದರಿಂದ, ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ಚಿಗವ್ವ ಕೆಲಸ ಮಾಡುವುದು ದ್ರಾಕ್ಷಿ ಬೆಳೆಗಾರರ ಒಂದು ಸಂಘದಲ್ಲಿ. ಮುಖ್ಯ ಕಚೇರಿ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿದೆ. ಟಿಕೋಟಾದಲ್ಲಿ ಮತ್ತು ಬಬಲೇಶ್ವರದಲ್ಲಿ ಒಂದೊಂದು ಶಾಖೆ, ಹೊನವಾಡದಲ್ಲಿ ಕೋಲ್ಡ್ ಸ್ಟೋರೇಜ್. ರೈತರು ಒಣದ್ರಾಕ್ಷಿಯ ಬಾಕ್ಸುಗಳನ್ನು ಅಲ್ಲಿ ಇಡುತ್ತಾರೆ. ಗಾಂಧಿ ಚೌಕಿಗೆ ವ್ಯಾಪಾರಿ ಬಂದರೆ ಚಿಗವ್ವ ಹೊನವಾಡಕ್ಕೆ ಫೋನ್ ಹಚ್ಚಿ, ಇಂಥವರ ಮಾಲಿಗೆ ಇಂಥ ಬೆಲೆ ಕೇಳುತ್ತಿದ್ದಾರೆ ಎನ್ನುತ್ತಾಳೆ. ಮಾಲಿನ ಒಡೆಯನೇ ಫೋನಿಗೆ ಬಂದು ತನ್ನ ಬಾಯಿಂದ ‘ಹೂಂ’ ಅಥವಾ ‘ಊಹೂಂ’ ಎನ್ನಬೇಕು. ಬೇರೆಯವರ ಬಾಯಿಂದ ಬಂದ ‘ಹೂಂ’ ನಡೆಯುವುದಿಲ್ಲ. ಮೆಸೇಜು ನಡೆಯುವುದಿಲ್ಲ. ಒಡೆಯನ ಜೇಬಿನಲ್ಲಿ ಮೊಬೈಲ್ ಇದ್ದರೂ ಅದು ನಡೆಯುವುದಿಲ್ಲ. ಸಂಘದ ಫೋನಿನಲ್ಲಿ, ನಾಲ್ಕು ಜನರ ಎದುರಿಗೆ ಹೇಳಿದ್ದೇ ಮಾತು.

ಈ ‘ಹೂಂ’ಗಳನ್ನು ಕೇಳಿಸಿಕೊಳ್ಳುವ ಕುರ್ಚಿಯಲ್ಲಿ ಚಿಗವ್ವ ನಾನು ಹೈಸ್ಕೂಲಿಗೆ ಹೋಗುವ ಮೊದಲಿನಿಂದ ಕುಳಿತಿದ್ದಾಳೆ. ಧ್ವನಿ ಕೇಳಿದರೆ ಯಾರೆಂದು ಅವಳಿಗೆ ತಿಳಿಯುತ್ತದೆ. ಅದನ್ನು ಅವಳು ಹೇಳಿಕೊಳ್ಳುತ್ತಾಳೆ ಕೂಡ.

ಹಿಂದಿನ ವರ್ಷ ಸಂಘದವರು ಹಳೆಯ ಫೋನುಗಳನ್ನು ತೆಗೆಸಿ ಇಂಟರ್‌ನೆಟ್ ಫೋನುಗಳನ್ನು ಹಾಕಿಸಿದರು. ಹಾಕಿದ್ದು ನಾನು ಕೆಲಸ ಮಾಡುವ ಕಂಪನಿ. ಕಂಪನಿ ಎಂದರೆ ನಾವು ಮೂರು ಜನ. ಎಂಜಿನಿಯರಿಂಗ್ ಮುಗಿಸಿ ಅಲ್ಲಿ ಸೇರಿದ ಮೇಲೆ, ನೀನು ಮಾಡುವುದೇನು ಎಂದು ಬಂಧುಗಳು ಕೇಳಿದಾಗಲೆಲ್ಲ ನಾನು ‘ಟೆಲಿಫೋನು’ ಎಂದಷ್ಟೇ ಹೇಳುತ್ತೇನೆ. ಅದರ ಮೇಲೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಇಲ್ಲಿ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ.

ಮೊದಲು ಊರಿಗೊಂದು ಎಕ್ಸ್‌ಚೇಂಜ್ ಇತ್ತು. ನೀವು ಯಾರಿಗಾದರೂ ಫೋನ್ ಮಾಡಿದರೆ ಆ ಯಂತ್ರ ನಿಮ್ಮಿಬ್ಬರ ನಡುವೆ ಒಂದು ದಾರಿಯನ್ನು ತೆರೆದು, ನೀವು ಇಡುವ ತನಕ ಅದನ್ನು ನಿಮಗಾಗಿಯೇ ಕಾಯ್ದಿಡುತ್ತಿತ್ತು. ನೀವು ಮಾತಾಡಿದರೂ ಸರಿ, ಸುಮ್ಮನೆ ಕುಳಿತರೂ ಸರಿ. ಈಗ ಆ ಕೆಲಸವನ್ನು ಒಂದು ಸಾಫ್ಟ್‌ವೇರ್ ಮಾಡುತ್ತದೆ. ಅದಕ್ಕೆ ಸಾಫ್ಟ್‌ಸ್ವಿಚ್ ಎನ್ನುತ್ತಾರೆ. ಸಂಘದ್ದು ನಮ್ಮ ಕಚೇರಿಯ ಕಂಪ್ಯೂಟರಿನಲ್ಲಿದೆ. ಯಾರು ಯಾರನ್ನು ಕರೆಯುತ್ತಿದ್ದಾರೆ, ಆ ಫೋನು ಇಂಟರ್‌ನೆಟ್ಟಿನಲ್ಲಿ ಎಲ್ಲಿದೆ, ಗಂಟೆ ಬಾರಿಸಲೇ, ಎತ್ತಿದರೇ, ಇಟ್ಟರೇ ಎಂಬುದನ್ನೆಲ್ಲ ಅದು ನೋಡಿಕೊಳ್ಳುತ್ತದೆ. ಧ್ವನಿಯನ್ನು ಫೋನೇ ಚೂರುಚೂರು ಮಾಡಿ, ಪ್ರತಿ ಚೂರಿಗೂ ವಿಳಾಸ ಹಚ್ಚಿ ಕಳಿಸುತ್ತದೆ. ನಡುವೆ ಕಾಯ್ದಿಟ್ಟ ದಾರಿ ಎಂಬುದಿಲ್ಲ. ಚೂರುಗಳು ಬರುತ್ತಿರುವ ತನಕ ಕರೆ ಇದೆ. ಸ್ವಿಚ್ಚಿಗೆ ಮಾತು ಅರ್ಥವಾಗುವುದಿಲ್ಲ. ಚೂರು ಬಂತೋ ಇಲ್ಲವೋ ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ.

ದೂರು ಕೊಟ್ಟವರು ಹೊನವಾಡದ ಒಬ್ಬ ಹಿರಿಯ ಬೆಳೆಗಾರರು. ಅವರನ್ನು ಫೋನಿದೆ ಎಂದು ಅಂಗಳದಿಂದ ಕರೆದಿದ್ದಾರೆ. ಅವರು ಕೈತೊಳೆದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬಂದು, ಕುಳಿತವರೆಲ್ಲ ನೋಡುತ್ತಿರುವಾಗ ರಿಸೀವರ್ ಎತ್ತಿ ಗಟ್ಟಿಯಾಗಿ ‘ಹಲೋ’ ಎಂದಿದ್ದಾರೆ. ಆ ಕಡೆ ಬರೀ ಟೋನು. ಇನ್ನೆರಡು ಸಲ ‘ಹಲೋ’ ಎಂದಿದ್ದಾರೆ. ಯಾರೋ ನಕ್ಕಿದ್ದಾರೆ. ಇದು ಒಂದು ಸಲವಲ್ಲ, ಮೇಲಿಂದ ಮೇಲೆ ಆಗಿದೆ. ‘ಕರದು ಮಾರಿ ಮ್ಯಾಲ ಇಡತಾಳ’ ಎಂದು ಅವರು ಸಂಘದ ಅಧ್ಯಕ್ಷರಿಗೆ ಹೇಳಿದ್ದಾರೆ.

ಅಧ್ಯಕ್ಷರು ತೀರ್ಪು ಕೊಟ್ಟಾಗಿತ್ತು. ಸೋಮವಾರದ ಸಭೆಗೆ ಹೊನವಾಡದವರು ಬರುತ್ತಾರೆ. ಚಿಗವ್ವ ಎಲ್ಲರೆದುರು ಕ್ಷಮೆ ಕೇಳಬೇಕು. ಕೇಳದಿದ್ದರೆ ಫೋನಿನ ಕುರ್ಚಿ ಬೇರೆಯವರಿಗೆ. ಅವಳು ಬಬಲೇಶ್ವರದ ಗೋದಾಮಿನಲ್ಲಿ ಖಾಲಿ ಕ್ರೇಟು ನೋಡಿಕೊಂಡು ಇರಬೇಕು. ಕ್ರೇಟುಗಳು ಮಾತಾಡುವುದಿಲ್ಲ.

ಆ ಸಂಜೆ ಅವಳು ನಮ್ಮ ಮನೆಗೆ ಬಂದಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು.

“ಮಾಡದ ತಪ್ಪಿಗೆ ಮಾಫಿ ಕೇಳೂದಂತ. ನಾ ಕೇಳಂಗಿಲ್ಲ,” ಎಂದಳು ಚಿಗವ್ವ.

“ನೀ ಕಟ್ ಮಾಡಿರತಿ ಬೇ,” ಎಂದಳು ಅವ್ವ, ತಲೆ ಎತ್ತದೆ. “ರೂಢಿ ಆಗೇತಿ. ನಿನಗಽ ಗೊತ್ತಾಗಿರಂಗಿಲ್ಲ.”

“ನನ್ನ ಕೈ ಏನ ಮಾಡತೈತಿ ಅಂತ ನನಗ ಗೊತ್ತಾಗಂಗಿಲ್ಲೇನು?”

“ನಿನ್ನೆ ನಾ ಮಾತಾಡತಿರಬೇಕಾದ್ರ ಇಟ್ಟಿದ್ದಿಲ್ಲ?”

“ನೀ ಬಾಜೂ ಮನಿಯವರ ಫ್ರಿಜ್ಜಿನ ಸುದ್ದಿ ಹೇಳಾಕತ್ತಿದ್ದಿ. ಅದು ಬ್ಯಾರೆ. ಆಫೀಸಿನ್ಯಾಗ ಒಂದ ದಿನಾ ಅವರಕಿಂತ ಮೊದಲ ಇಟ್ಟಿಲ್ಲ ನಾ. ಅವರಽ ಕಟ್ ಮಾಡತಾರ. ತಿರುಗಿ ಹಚ್ಚಿ ಕೇಳಿದ್ರ, ‘ನೀವಽ ಇಟ್ಟು ನಮ್ಮನ್ನ ಕೇಳ್ತೀರಲ್ರೀ’ ಅಂತಾರ.” ಆಮೇಲೆ ನನ್ನ ಕಡೆ ತಿರುಗಿದಳು. “ಏ, ನಿಮ್ಮ ಮಷೀನಿಗೆ ಗೊತ್ತಿರತೈತಲ್ಲ, ಯಾರ ಇಟ್ರಂತ? ಅದನ್ನ ಕೇಳ.”

ನೋಡುತ್ತೇನೆ ಎಂದೆ.

“ಹಿಂಗಽ ಈಕಿ,” ಎಂದಳು ಚಿಗವ್ವ ಅವ್ವನಿಗೆ. “ಈಕಿ ಕೂಡ ಮಾತಾಡೂದಕ್ಕಿಂತ ಆ ಮಷೀನ್ ಕೂಡ ಮಾತಾಡೂದು ಹಗರ.”

ಮಷೀನನ್ನು ಕೇಳಿದೆ. ಪ್ರತಿ ಕರೆ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು ಎಂದು ಸ್ವಿಚ್ ಬರೆದಿಡುತ್ತದೆ. ಕೊನೆಗೆ ಕಾರಣ ಎಂಬ ಒಂದು ಜಾಗವಿದೆ. ಹೊನವಾಡದ ಅಷ್ಟೂ ಕರೆಗಳ ಎದುರು ಒಂದೇ ಕಾರಣವಿತ್ತು. ಕನ್ನಡದಲ್ಲಿ ಹೇಳುವುದಾದರೆ ‘ಸಹಜ ಮುಕ್ತಾಯ’. ಮುದುಕರು ತೀರಿಕೊಂಡಾಗ ವಯಸ್ಸಾಗಿತ್ತು ಎನ್ನುತ್ತಾರಲ್ಲ, ಅಷ್ಟೇ ಉಪಯೋಗದ ಮಾತು. ಅಧ್ಯಕ್ಷರಿಗೆ ತೋರಿಸಿದೆ. ತೋರಿಸಬಾರದಿತ್ತೆಂದು ಆಮೇಲೆ ಅನ್ನಿಸಿತು.

“ಸಹಜ ಅಂದ್ರೇನು? ಯಾರೋ ತಾವಾಗಿ ಇಟ್ಟಾರಂತಽ ಆತಲ್ಲ,” ಎಂದರು.

ನೆಟ್ ಹೋಗುತ್ತಿರಬಹುದೆಂದು ನೋಡಿದೆ. ಹೋಗುತ್ತಿರಲಿಲ್ಲ. ನಾನೇ ನಮ್ಮ ಕಚೇರಿಯಿಂದ ಹೊನವಾಡಕ್ಕೆ ಹಲವು ಸಲ ಫೋನ್ ಮಾಡಿದೆ. ಒಮ್ಮೆಯೂ ಕಟ್ ಆಗಲಿಲ್ಲ. ಇದರಿಂದ ಚಿಗವ್ವನ ಮೇಲಿನ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ನನ್ನ ಕರೆಗಳು ಯಾಕೆ ಕಟ್ ಆಗಲಿಲ್ಲ ಎಂಬುದಕ್ಕೆ ಸರಳವಾದ ಕಾರಣವಿತ್ತು. ನಾನು ‘ಧ್ವನಿ ಕೇಳತೈತ್ರಿ?’ ಎನ್ನುತ್ತಿದ್ದೆ, ಅವರು ‘ಕೇಳತೈತಿ’ ಎನ್ನುತ್ತಿದ್ದರು. ಅದಾದ ಮೇಲೆ ನನ್ನ ಹತ್ತಿರ ಹೇಳುವುದೇನೂ ಇರುತ್ತಿರಲಿಲ್ಲ, ಕೂಡಲೇ ಇಟ್ಟುಬಿಡುತ್ತಿದ್ದೆ.

ಶನಿವಾರ ಬಸ್ಸು ಹತ್ತಿ ಹೊನವಾಡಕ್ಕೆ ಹೋದೆ. ಟಿಕೋಟಾದಲ್ಲಿ ಬಸ್ಸು ನಿಂತಾಗ ಅಲ್ಲಿಯ ಶಾಖೆಯನ್ನೂ ನೋಡಿಕೊಂಡು ಮುಂದಿನ ಬಸ್ಸಿಗೆ ಹೋಗೋಣವೆಂದು ಇಳಿದೆ. ಅಲ್ಲಿ ಫೋನಿನ ಪಕ್ಕದಲ್ಲೇ ಒಣದ್ರಾಕ್ಷಿ ಸೋಸುವ ಯಂತ್ರವಿತ್ತು. ಅದರ ಗದ್ದಲದಲ್ಲಿ ಶಾಖೆಯವನು ನನಗೆ ಹೇಳಿದ್ದರಲ್ಲಿ ‘ಏನೂ ತ್ರಾಸಿಲ್ಲ’ ಎಂಬುದೊಂದೇ ತಿಳಿಯಿತು.

ಹೊನವಾಡದ ಕೋಲ್ಡ್ ಸ್ಟೋರೇಜಿನ ಕಚೇರಿ ದಪ್ಪ ಗೋಡೆಯ ಕೋಣೆ. ಒಳಗೆ ಕಾಲಿಟ್ಟರೆ ಹೊರಗಿನ ರಸ್ತೆ ನಿಂತುಹೋದ ಹಾಗೆ ಅನ್ನಿಸುತ್ತದೆ. ಅದನ್ನು ನೋಡಿಕೊಳ್ಳುವವರನ್ನು ಎಲ್ಲರೂ ಕಾಕಾ ಎಂದು ಕರೆಯುತ್ತಾರೆ. ಫೋನ್ ನೋಡಲು ಬಂದಿದ್ದೇನೆ ಎಂದೆ. ಯಾರ ಮಗಳು ಎಂದು ಕೇಳಿದರು. ಅಪ್ಪನ ಊರು ಹೇಳಿದೆ. ಚಿಗವ್ವನ ವಿಷಯ ಹೇಳಲಿಲ್ಲ. ಗೋಡೆಗೆ ಒರಗಿ ನಾಲ್ಕೈದು ಹಿರಿಯರು ಕುಳಿತು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ತಕ್ಕಡಿಯ ಮೇಲೆ ಒಂದು ಬೆಕ್ಕು ಮಲಗಿತ್ತು.

ಸ್ವಲ್ಪ ಹೊತ್ತಿಗೆ ಫೋನ್ ಬಂತು. ಚಿಗವ್ವ.

“ಹೂಂ ಅಕ್ಕಾರ... ಹೂಂ... ಅದಾರ, ಅಂಗಳದಾಗ ಅದಾರ. ತಡೀರಿ, ಕರೀತೇನಿ.”

ಕಾಕಾ ರಿಸೀವರನ್ನು ಇಡಲಿಲ್ಲ. ಪಕ್ಕದಲ್ಲಿ ಮಡಚಿಟ್ಟ ಗೋಣಿಚೀಲವೊಂದಿತ್ತು. ಅದರ ಮೇಲೆ ಬೋರಲು ಮಲಗಿಸಿದರು. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು, ಎರಡು ಸುತ್ತು ಮಡಚಿ, ಮಲಗಿದ ಕೂಸಿಗೆ ಹೊದಿಸುವ ಹಾಗೆ ಅದಕ್ಕೆ ಹೊದಿಸಿದರು. ಅಂಚುಗಳನ್ನು ಒಳಗೆ ಸಿಕ್ಕಿಸಿದರು. ನಂತರ ನಿಧಾನವಾಗಿ ಅಂಗಳಕ್ಕೆ ಹೋದರು.

ನಾನು ಫೋನಿನ ಸಣ್ಣ ಪರದೆಯನ್ನು ನೋಡುತ್ತ ಕುಳಿತೆ. ಅರ್ಧ ನಿಮಿಷದ ಹೊತ್ತಿಗೆ ಅದರ ಹಸಿರು ದೀಪ ಆರಿತು. ಕರೆ ಮುಗಿದಿತ್ತು. ಹಿರಿಯರು ಗೋಡೆಯ ಹತ್ತಿರವೇ ಇದ್ದರು, ಬೆಕ್ಕು ತಕ್ಕಡಿಯ ಮೇಲೇ ಇತ್ತು. ಫೋನಿಗೆ ಕೈ ಎಟುಕುವಷ್ಟು ಸಮೀಪದಲ್ಲಿ ಇದ್ದವಳು ನಾನೊಬ್ಬಳೇ. ನಾನು ಚಿಗವ್ವನ ಅಕ್ಕನ ಮಗಳೆಂದು ಅಲ್ಲಿ ಯಾರಿಗೂ ಗೊತ್ತಿಲ್ಲದ್ದು ಒಳ್ಳೆಯದಾಯಿತು.

ಒಳಗೆ ಬಂದವರು ದೂರು ಕೊಟ್ಟಿದ್ದ ಆ ಹಿರಿಯರೇ. ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಟವೆಲ್ ಬಿಚ್ಚಿ, ರಿಸೀವರ್ ಎತ್ತಿ ‘ಹಲೋ’ ಎಂದರು. ಆಮೇಲೆ ಅದನ್ನು ನನ್ನ ಕಿವಿಯ ಹತ್ತಿರ ಹಿಡಿದರು.

“ಕೇಳು ತಂಗಿ. ಟೂಂ ಅನ್ನಾಕತ್ತೈತಿ. ಮತ್ತ ಇಟ್ಟಳು ನೋಡು ಮಹಾರಾಣಿ.”

ನಾನು ಕಾಕಾಗೆ ಕೇಳಿದೆ, ಟವೆಲ್ ಯಾಕೆ ಹೊದಿಸುತ್ತೀರಿ ಎಂದು.

ಅವರು ನನ್ನನ್ನು ಏನೂ ತಿಳಿಯದವಳನ್ನು ನೋಡುವ ಹಾಗೆ ನೋಡಿದರು. “ಇಲ್ಲಿ ಕುಂತವರು ರೇಟಿನ ಮಾತು ಮಾತಾಡತಾರವಾ. ಎಷ್ಟಕ್ಕ ಕೊಡಬೇಕು, ಎಷ್ಟಕ್ಕ ಬಿಡಬೇಕು. ಅಲ್ಲಿ ಗಾಂಧಿ ಚೌಕದಾಗ ವ್ಯಾಪಾರಿ ಫೋನಿನ ಬಾಜೂಕಽ ಕುಂತಿರತಾನ. ಇಲ್ಲಿ ಮಾತು ಅವನ ಕಿವಿಗೆ ಯಾಕ ಬೀಳಬೇಕು?”

“ಹಳೇ ಫೋನಿಗೂ ಹೊದಿಸತಿದ್ರೇನ್ರಿ?”

“ಹೊದಿಸದ ಬಿಡತೇನೇನು? ಅದು ಪಾಪ, ಹೊದ್ದುಕೊಂಡು ಎಷ್ಟ ಹೊತ್ತ ಬೇಕಾದ್ರೂ ಮಲಗತಿತ್ತು.”

ಆಗ ತಿಳಿಯಿತು. ಹೊಸ ಫೋನುಗಳು ಕಾರ್ಖಾನೆಯಿಂದ ಬರುವಾಗಲೇ ಅವುಗಳಲ್ಲಿ ಒಂದು ಮಿತವ್ಯಯದ ಏರ್ಪಾಡು ಇರುತ್ತದೆ: ಯಾರೂ ಮಾತಾಡದಿದ್ದಾಗ ಏನನ್ನೂ ಕಳಿಸಬೇಡ, ಮೌನ ಕಳಿಸಿ ಇಂಟರ್‌ನೆಟ್ ಯಾಕೆ ಹಾಳು ಮಾಡುವುದು. ಸ್ವಿಚ್ಚಿನಲ್ಲೂ ಒಂದು ಏರ್ಪಾಡು ಇರುತ್ತದೆ: ಅರ್ಧ ನಿಮಿಷ ಒಂದು ಕಡೆಯಿಂದ ಏನೂ ಬರದಿದ್ದರೆ ಆ ಕಡೆ ಕರೆಂಟು ಹೋಗಿರಬೇಕು, ಅಥವಾ ನೆಟ್, ಕರೆಯನ್ನು ಮುಗಿಸಿ ‘ಸಹಜ ಮುಕ್ತಾಯ’ ಎಂದು ಬರೆದುಬಿಡು. ಎರಡೂ ಬುದ್ಧಿವಂತರು ಯೋಚಿಸಿ ಮಾಡಿದ ಏರ್ಪಾಡುಗಳೇ. ಅವರ ಯೋಚನೆಯಲ್ಲಿ ಗೋಣಿಚೀಲ, ಟವೆಲ್ಲು ಮತ್ತು ದಪ್ಪ ಗೋಡೆ ಬಂದಿರಲಿಲ್ಲ. ಟಿಕೋಟಾದಲ್ಲಿ ಯಂತ್ರದ ಗದ್ದಲ ಕರೆಯನ್ನು ಉಳಿಸುತ್ತಿತ್ತು. ಬಬಲೇಶ್ವರದ ಶಾಖೆಯ ಬಾಗಿಲು ಬಸ್ಸಿನ ರಸ್ತೆಗೆ ತೆರೆದಿದೆ. ಅಲ್ಲಿಯೂ ಹಾರ್ನಿಗೆ ಕೊರತೆಯಿಲ್ಲ. ಹೊನವಾಡದವರು ಮಾತ್ರ ಶಾಂತವಾಗಿ ಇದ್ದರು, ಆದ್ದರಿಂದ ಸತ್ತವರೆಂದು ಲೆಕ್ಕವಾಗುತ್ತಿದ್ದರು.

ಖಚಿತಪಡಿಸಿಕೊಳ್ಳಲು ನನ್ನ ಮೊಬೈಲಿನಿಂದ ನಮ್ಮ ಕಚೇರಿಗೆ ಹೇಳಿ ಅಲ್ಲಿಂದ ಫೋನ್ ಮಾಡಿಸಿದೆ. ಟವೆಲ್ ಹೊದಿಸಿದರೆ ಕರೆ ಸಾಯುತ್ತಿತ್ತು. ಟವೆಲ್ ತೆಗೆದು, ಹಳೆಯ ಟೇಬಲ್ ಫ್ಯಾನು ಹಚ್ಚಿ ಅದರ ಎದುರಿಗೆ ಇಟ್ಟರೆ ಬದುಕುತ್ತಿತ್ತು. ಹಿರಿಯರು ಮಾತು ನಿಲ್ಲಿಸಿ ಇದನ್ನು ನೋಡಿದರು. “ಓದಿದವರು,” ಎಂದರು ಒಬ್ಬರು ಇನ್ನೊಬ್ಬರಿಗೆ.

ಅಲ್ಲೇ ಕುಳಿತು ಸರಿಮಾಡಬಹುದಿತ್ತು. ಫೋನಿನ ಆ ಏರ್ಪಾಡನ್ನು ತೆಗೆದರೆ ಮುಗಿಯಿತು. ಬೆರಳು ಅಲ್ಲಿಯ ತನಕ ಹೋಗಿತ್ತು. ಆಮೇಲೆ ಇನ್ನೊಂದು ಯೋಚನೆ ಬಂತು. ಶನಿವಾರ ಸರಿಮಾಡಿದರೆ ಆ ದಿನದಿಂದಲೇ ಕರೆಗಳು ಕಟ್ ಆಗುವುದು ನಿಲ್ಲುತ್ತದೆ. ಸೋಮವಾರ ಎಲ್ಲರೂ ಹೇಳುವುದು ಒಂದೇ: ನೋಡ್ರಿ, ಬಬಲೇಶ್ವರದ ಹೆಸರು ತೆಗೆದ ಕೂಡಲೇ ಆಕೆ ದಾರಿಗೆ ಬಂದಳು. ಗೊತ್ತಿರುವ ದೋಷವನ್ನು ಹಾಗೆಯೇ ಬಿಟ್ಟು ಬಸ್ಸು ಹತ್ತಿದ್ದು ನನ್ನ ಕೆಲಸದಲ್ಲಿ ಅದೊಂದೇ ಸಲ.

ಸೋಮವಾರದ ಸಭೆ ಗಾಂಧಿ ಚೌಕದ ಕಚೇರಿಯಲ್ಲಿ, ಚಿಗವ್ವನ ಮೇಜಿನ ಸುತ್ತಲೇ ನಡೆಯಿತು. ಹೊನವಾಡದ ಹಿರಿಯರು ಬಂದಿದ್ದರು. ಕಾಕಾ ಮಾತ್ರ ಹೊನವಾಡದಲ್ಲೇ ಉಳಿದಿದ್ದರು, ಹಾಗೆ ನಾನು ಕೇಳಿಕೊಂಡಿದ್ದೆ. ಎಲ್ಲರಿಗೂ ಚಹಾ ಬಂತು.

ಅಧ್ಯಕ್ಷರು ಚಿಗವ್ವನ ಕಡೆ ನೋಡಿದರು. “ಹೂಂ, ಏನ ಹೇಳ್ತಿ?”

“ನಾ ಏನೂ ಹೇಳಂಗಿಲ್ಲರಿ. ಮೊದಲ ಈ ಹುಡುಗಿ ಏನೋ ತೋರಸತಾಳಂತ, ನೋಡ್ರಿ.”

ನಾನು ಫೋನನ್ನು ಸ್ಪೀಕರಿಗೆ ಹಾಕಿ ಹೊನವಾಡಕ್ಕೆ ಹಚ್ಚಿದೆ. ಚಿಗವ್ವನಿಗೆ ಚಹಾದ ಕಪ್ಪನ್ನು ಒಂದು ಕೈಯಲ್ಲಿ, ಬಸಿಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳಲು ಹೇಳಿದ್ದೆ. ಅವಳು ಎರಡನ್ನೂ ಎದೆಯ ಮಟ್ಟಕ್ಕೆ ಎತ್ತಿ, ಫೋಟೋ ತೆಗೆಸಿಕೊಳ್ಳುವವರ ಹಾಗೆ ಕುಳಿತಳು.

“ಕಾಕಾರ, ಒಳಗ ಮಾಲ್ ನೋಡಿ ಬರ್ರಿ,” ಎಂದಳು ಫೋನಿಗೆ.

“ತಡೀರಿ ಅಕ್ಕಾರ.” ಗೋಣಿಯ ಮೇಲೆ ಇಟ್ಟ ಸದ್ದು. ಟವೆಲ್ಲಿನ ಸದ್ದು. ಆಮೇಲೆ ಏನೂ ಇಲ್ಲ.

ಅರ್ಧ ನಿಮಿಷ ಎಂಬುದು ಹೇಳುವಾಗ ಸಣ್ಣದು. ಅಷ್ಟೊಂದು ಗಂಡಸರು ಒಬ್ಬ ಹೆಂಗಸಿನ ಎರಡು ಕೈಗಳನ್ನು ನೋಡುತ್ತ ಕುಳಿತಾಗ ಅದು ಸಾಕಷ್ಟು ದೊಡ್ಡದು. ಒಬ್ಬರು ಕೆಮ್ಮಿದರು. ಓಣಿಯಲ್ಲಿ ಆಟೋ ಹೋಯಿತು. ಟೂಂ ಎಂದಿತು.

“ಯಾರ ಕಟ್ ಮಾಡಿದ್ರು?” ಎಂದರು ಅಧ್ಯಕ್ಷರು.

ದೂರು ಕೊಟ್ಟ ಹಿರಿಯರು ಕುರ್ಚಿಯನ್ನು ಮುಂದೆ ಎಳೆದುಕೊಂಡರು. “ಇನ್ನೊಮ್ಮೆ ಹಚ್ಚು ತಂಗಿ.”

ಇನ್ನೊಮ್ಮೆ ಹಚ್ಚಿದೆ. ಈ ಸಲ ಅವರು ಚಿಗವ್ವನ ಕೈಯನ್ನು, ಮೇಜಿನ ಕೆಳಗಿನ ಕಾಲನ್ನು, ಗೋಡೆಯ ವೈರನ್ನು ಸರದಿಯ ಮೇಲೆ ನೋಡಿದರು. ಟೂಂ ಎಂದಿತು.

“ಆಕಿ ಕೈ ಹಚ್ಚಿಲ್ಲ,” ಎಂದರು. “ನಾ ನೋಡೇನಿ.”

“ಹಂಗಾದ್ರ ಯಾರು?” ಎಂದರು ಅಧ್ಯಕ್ಷರು, ಈಗ ನನ್ನ ಕಡೆ ತಿರುಗಿ.

ಎರಡು ದಿನ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ವಿವರಣೆ ಆ ಕ್ಷಣದಲ್ಲಿ ಬಹಳ ಉದ್ದವಾಗಿ ಕಂಡಿತು. “ಸ್ವಿಚ್ರಿ,” ಎಂದೆ. “ಅರ್ಧ ನಿಮಿಷ ಸಪ್ಪಳ ಬರಲಿಲ್ಲಂದ್ರ ಆ ಕಡೆ ಯಾರೂ ಇಲ್ಲ ಅಂತ ತಿಳಕೊಂಡು ಅದಽ ಕಟ್ ಮಾಡತೈತ್ರಿ.”

ದೂರು ಕೊಟ್ಟ ಹಿರಿಯರು ಫೋನನ್ನು ಬೆರಳಿನಿಂದ ತೋರಿಸಿದರು. “ಮಾತಾಡಲಿಲ್ಲಂದ್ರ ಇಲ್ಲಂತ ತಿಳೀತೈತಿ?”

“ಹೌದ್ರಿ.”

“ಹಂಗಾದ್ರ ನಮ್ಮ ಮನ್ಯಾಗ ನಾ ಯಾವತ್ತೋ ಕಟ್ ಆಗಬೇಕಾಗಿತ್ತು.”

ಎಲ್ಲರೂ ನಕ್ಕರು. ಚಿಗವ್ವ ನಕ್ಕಾಗ ಕಪ್ಪಿನಲ್ಲಿ ಚಹಾ ತುಳುಕಿತು. ನಾನು ಆ ನಗೆಯ ನಡುವೆ ಕುಳಿತು, ಲ್ಯಾಪ್‌ಟಾಪಿನಿಂದಲೇ ಹೊನವಾಡದ ಫೋನಿನ ಏರ್ಪಾಡನ್ನು ಬದಲಾಯಿಸಿದೆ. ಇನ್ನು ಮೇಲೆ ಯಾರೂ ಮಾತಾಡದಿದ್ದರೂ ಫೋನು ಆ ಮೌನವನ್ನೇ ಚೂರು ಮಾಡಿ, ವಿಳಾಸ ಹಚ್ಚಿ, ಮಾತಿನಷ್ಟೇ ಶ್ರದ್ಧೆಯಿಂದ ಕಳಿಸುತ್ತದೆ. ಮೂರನೆಯ ಸಲ ಹಚ್ಚಿದಾಗ ಸ್ಪೀಕರಿನಿಂದ ಸಣ್ಣಗೆ ‘ಸ್ಸ್’ ಎಂಬ ಸದ್ದು ಬರುತ್ತಲೇ ಇತ್ತು. ಕಾಕಾ ಈ ಸಲ ನಿಜವಾಗಿಯೂ ಒಳಗೆ ಹೋಗಿ ಮಾಲು ನೋಡಿದರೆಂದು ಕಾಣುತ್ತದೆ. ಅಷ್ಟೂ ಹೊತ್ತು ಎಲ್ಲರೂ ಹೊನವಾಡದ ಟವೆಲ್ಲಿನ ಒಳಭಾಗವನ್ನು ಕೇಳುತ್ತ ಕುಳಿತೆವು.

“ಹಲೋ, ಅದೀರೇನ್ರಿ ಅಕ್ಕಾರ?”

“ಅದೀವಿ,” ಎಂದರು ಎಲ್ಲರೂ ಒಮ್ಮೆಲೇ. ಆ ಕಡೆ ಕಾಕಾ ಬೆಚ್ಚಿದರೆಂದು ಕಾಣುತ್ತದೆ. ಏನೋ ಬಿದ್ದ ಸದ್ದು ಕೇಳಿಸಿತು.

ಕ್ಷಮೆಯ ಮಾತನ್ನು ಯಾರೂ ಎತ್ತಲಿಲ್ಲ. ಚಿಗವ್ವ ಕೇಳಲಿಲ್ಲ, ಅವಳನ್ನೂ ಯಾರೂ ಕೇಳಲಿಲ್ಲ. ದೂರು ಕೊಟ್ಟಿದ್ದ ಹಿರಿಯರು ಹೋಗುವಾಗ ಅವಳ ಮೇಜಿನ ಹತ್ತಿರ ನಿಂತರು. ಅವಳ ಕಪ್ಪಿನ ಕಡೆ ಕೈ ತೋರಿಸಿ, “ಚಾ ಆರೇತಿ. ಬ್ಯಾರೆ ತರಸ್ಲೇನವಾ?” ಎಂದರು. ಬೇಡ ಎಂದಳು. ಆದರೂ ತರಿಸಿದರು. ಅವಳು ಅದನ್ನು ಅವರೆದುರೇ ಪೂರ್ತಿ ಕುಡಿದಳು. ಬಬಲೇಶ್ವರದ ಕ್ರೇಟುಗಳ ಪ್ರಸ್ತಾಪ ಮತ್ತೆ ಬರಲಿಲ್ಲ.

ಕೆಲವು ವಾರಗಳ ಮೇಲೆ ಅಧ್ಯಕ್ಷರು ನನಗೆ ಫೋನ್ ಮಾಡಿದರು. ಹೊಸ ತೊಂದರೆಯೊಂದು ಶುರುವಾಗಿತ್ತು. ಹೊನವಾಡದ ಕರೆಗಳು ಮುಗಿಯುತ್ತಿರಲಿಲ್ಲ. ಕಟ್ ಮಾಡಿದವರು ಎನ್ನಿಸಿಕೊಳ್ಳಲು ಈಗ ಎರಡೂ ಕಡೆ ಯಾರೂ ತಯಾರಿರಲಿಲ್ಲ. ಒಮ್ಮೆ ಗಾಂಧಿ ಚೌಕಿಗೆ ಹೋದಾಗ ನಾನೇ ಕಿವಿಯಾರೆ ಕೇಳಿದೆ.

“ಮತ್ತ, ಇಡ್ರಿ,” ಎನ್ನುತ್ತಿದ್ದಳು ಚಿಗವ್ವ.

“ನೀವ ಇಡ್ರಿ ಮೊದಲ,” ಎಂದರು ಸ್ಪೀಕರಿನಲ್ಲಿ ಕಾಕಾ.

“ಹಿರೇರು ನೀವು. ನೀವ ಇಡ್ರಿ.”

“ಛೇ, ಹೆಣ್ಣಮಕ್ಕಳು ಮಾತಾಡಾಕತ್ತಾಗ ನಾ ಇಡೂದು ಶೋಭಾ ಕೊಡತೈತೇನು? ಊಟ ಆತೇನು?”

“ಆತ್ರಿ. ನಿಮ್ಮದ?”

ಲೈನು ಖಾಲಿಯಾಗುವುದನ್ನು ಕಾಯುತ್ತ ವ್ಯಾಪಾರಿಯೊಬ್ಬ ಬೆಂಚಿನ ಮೇಲೆ ತೂಕಡಿಸುತ್ತಿದ್ದ. ಇಂಥ ಕರೆಗಳನ್ನು ಸ್ವಿಚ್ ತಾನಾಗಿಯೇ ಕಟ್ ಮಾಡುವ ಹಾಗೆ ಮಾಡಲು ಬರುತ್ತದೆಯೇ ಎಂದು ಅಧ್ಯಕ್ಷರು ಕೇಳಿದ್ದರು. ಬರುತ್ತದೆ, ಮೊದಲು ಹಾಗೆಯೇ ಇತ್ತು ಎಂದೆ. ಇರಲಿ ಬಿಡು ಎಂದರು.

ಆ ಸಂಜೆ ಅವ್ವ ಚಿಗವ್ವನಿಗೆ ಫೋನ್ ಮಾಡಿದ್ದಳು. ಬಾಜೂ ಮನೆಯವರ ಹೊಸ ಸೋಫಾ ಹೇಗೆ ಬಾಗಿಲಲ್ಲಿ ಹಿಡಿಸಲಿಲ್ಲ ಎಂಬುದನ್ನು ಹೇಳುತ್ತಿದ್ದವಳು ಅರ್ಧಕ್ಕೇ ನಿಂತಳು. ಫೋನನ್ನು ಕಿವಿಯಿಂದ ತೆಗೆದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಇದೂ ನಿಮ್ಮ ಮಷೀನೇನು?”

“ಅಲ್ಲ,” ಎಂದೆ.